ಜರ್ಮನಿಯಲ್ಲಿ ಎಂಎಸ್‌ಗೆ ಅರ್ಜಿ: ಕಲಬುರಗಿ, ಬೀದರ್, ಯಾದಗಿರಿಯವರಿಗೆ ಹಂತ ಹಂತದ ಮಾರ್ಗದರ್ಶಿ

ಜೂನ್ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಅಕ್ಕಾ, ಜುಲೈ 15 ಕೊನೆ ದಿನ ಅಂತಾರ. ಐಇಎಲ್‌ಟಿಎಸ್ ಆಗೇದ, ಎಸ್‌ಒಪಿ ರೆಡಿ ಅದ, ಎಪಿಎಸ್ ಇನ್ನೂ ಬಂದಿಲ್ಲ. ಈಗೇನ್ ಮಾಡ್ಲಿ?" ಐಇಎಲ್‌ಟಿಎಸ್ ಅಂದರೆ ಇಂಗ್ಲಿಷ್ ಪರೀಕ್ಷೆ, ಎಸ್‌ಒಪಿ ಅಂದರೆ ಯಾಕೆ ಈ ಕೋರ್ಸ್ ಎಂದು ಬರೆಯುವ ಪತ್ರ, ಎಪಿಎಸ್ ಅಂದರೆ ನಮ್ಮ ಮಾರ್ಕ್ಸ್ ಕಾರ್ಡ್ ನಿಜವಾದವು ಎಂದು ಪರಿಶೀಲಿಸಿ ಕೊಡುವ ಪ್ರಮಾಣಪತ್ರ. ಜೂನ್ ಹೊತ್ತಿಗೆ ಮಾಡಲು ಜಾಸ್ತಿ ಏನೂ ಉಳಿದಿರುವುದಿಲ್ಲ. ಒಂದು ವರ್ಷ ಸುಮ್ನೆ ಹೋಗುತ್ತದೆ.

ಇವರಲ್ಲಿ ಹೆಚ್ಚಿನವರ ಅಂಕ ಚೆನ್ನಾಗಿಯೇ ಇರುತ್ತದೆ. ಸೋಲುವುದು ಕೆಲಸಗಳ ಕ್ರಮದಲ್ಲಿ. ಎಲ್ಲರೂ ಮೊದಲು ವಿಶ್ವವಿದ್ಯಾಲಯ ಹುಡುಕುತ್ತಾರೆ, ಕಾಗದಪತ್ರಕ್ಕೆ ಕೊನೆಗೆ ಕೈ ಹಾಕುತ್ತಾರೆ. ಇದು ತಲೆಕೆಳಗು. ವಿಶ್ವವಿದ್ಯಾಲಯದ ಫಾರ್ಮ್ ಒಂದು ಸಂಜೆಯಲ್ಲಿ ತುಂಬಬಹುದು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ತಿದ್ದಿಸುವುದಕ್ಕೆ ತಿಂಗಳುಗಳು ಬೇಕು. ನಿಧಾನವಾಗಿ ಆಗುವ ಕೆಲಸ ಮೊದಲು ಶುರುವಾಗಬೇಕು. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ.

ಇದು ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷಿನಲ್ಲಿ ಕಲಿಸುವ ಸ್ನಾತಕೋತ್ತರ ಕೋರ್ಸಿಗೆ, ಅಕ್ಟೋಬರ್‌ನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರ್‌ಗೆ ಅರ್ಜಿ ಹಾಕುವವರಿಗೆ. ಪಿಯುಸಿ ಮುಗಿಸಿ ನೇರ ಡಿಗ್ರಿಗೆ ಹೋಗುವ ದಾರಿ ಬೇರೆ, ಅದರ ನಿಯಮಗಳೂ ಬೇರೆ. ಅದು ಇಲ್ಲಿಲ್ಲ.

## ಮೊದಲು ಕ್ಯಾಲೆಂಡರ್

ನೀವು ಹೋಗಬೇಕಾದ ಅಕ್ಟೋಬರ್‌ನಿಂದ ಹಿಂದಕ್ಕೆ ಎಣಿಸಿ. ಕನಿಷ್ಠ ಹದಿನಾಲ್ಕು ಹದಿನೈದು ತಿಂಗಳು ಬೇಕು. ಅಂದರೆ ಹಿಂದಿನ ವರ್ಷದ ಜುಲೈ, ಆಗಸ್ಟ್‌ನಲ್ಲಿ ಪಾಸ್‌ಪೋರ್ಟ್ ಮತ್ತು ಹೆಸರಿನ ಕೆಲಸ. ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಒಟ್ಟು ಪಟ್ಟಿ), ಎಪಿಎಸ್, ಐಇಎಲ್‌ಟಿಎಸ್. ಡಿಸೆಂಬರ್, ಜನವರಿಯಲ್ಲಿ ಕೋರ್ಸುಗಳ ಪಟ್ಟಿ. ಫೆಬ್ರವರಿಯಿಂದ ಅರ್ಜಿ. ಹಣದ ಕೆಲಸ ಇವೆಲ್ಲದರ ಜೊತೆಜೊತೆಗೆ ನಡೆಯುತ್ತಿರಬೇಕು.

ಜುಲೈ 15 ಎಂಬ ದಿನಾಂಕ ಎಲ್ಲರ ಬಾಯಲ್ಲೂ ಇದೆ. ಅದನ್ನು ನಂಬಿ ಕೂರಬೇಡಿ. ವಿದೇಶಿ ವಿದ್ಯಾರ್ಥಿಗಳಿಗೆ ಎಷ್ಟೋ ಕೋರ್ಸುಗಳ ಬಾಗಿಲು ಮಾರ್ಚ್‌ನಲ್ಲಿ, ಇಲ್ಲವೇ ಮೇ ಕೊನೆಗೆ ಮುಚ್ಚುತ್ತದೆ. ಒಂದೇ ವಿಶ್ವವಿದ್ಯಾಲಯದ ಎರಡು ಕೋರ್ಸುಗಳಿಗೆ ಎರಡು ಬೇರೆ ದಿನಾಂಕ ಇರಬಹುದು.

## ಹಂತ 1: ಹೆಸರು ಮತ್ತು ಪಾಸ್‌ಪೋರ್ಟ್

ನಮ್ಮ ಕಡೆಯವರಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಇಲ್ಲೇ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ಎಲ್ಲವನ್ನೂ ಮಂಚದ ಮೇಲೆ ಸಾಲಾಗಿ ಹರವಿ. ಇಂಗ್ಲಿಷಿನಲ್ಲಿ ಬರೆದಿರುವ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೋಲಿಸಿ. ಶರಣಬಸಪ್ಪ ಎಂದು ಬರೆಯುವಾಗ ನಡುವೆ ಒಂದು 'ಎ' ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಪಾಟೀಲ ಮೊದಲು ಬಂದು ಆಮೇಲೆ ಹೆಸರು, ಪಾಸ್‌ಪೋರ್ಟ್‌ನಲ್ಲಿ ಹೆಸರು ಮೊದಲು, ಪಾಟೀಲ ಆಮೇಲೆ. ಡಿಗ್ರಿಯಲ್ಲಿ ಬರೀ ಇನಿಶಿಯಲ್. ನಮಗೆ ಇದೆಲ್ಲ ಒಬ್ಬನೇ ಮನುಷ್ಯ. ಅಲ್ಲಿ ಕೂತು ನೋಡುವವರಿಗೆ ಮೂವರು.

ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲವಾ? ಹಾಗಾದರೆ ನಿಮ್ಮ ಕೆಲಸ ಸುಲಭ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಪಾಸ್‌ಪೋರ್ಟ್‌ಗೆ ಹಾಕಿ. ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ವಿಶ್ವವಿದ್ಯಾಲಯದ ಫಾರ್ಮ್, ಬ್ಯಾಂಕ್, ವಿಮೆ, ಎಲ್ಲ ಕಡೆ ಒಂದೊಂದು ರೀತಿ ಹೆಸರು ಮೂಡುತ್ತದೆ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಿ, ಅಪಾಯಿಂಟ್‌ಮೆಂಟ್‌ಗೆ ಕಲಬುರಗಿ ಕೇಂದ್ರ ಆರಿಸಿಕೊಳ್ಳಬಹುದು. ಪೊಲೀಸ್ ಪರಿಶೀಲನೆಗೆ ಬಂದಾಗ ಆ ವಿಳಾಸದಲ್ಲಿ ನೀವು ಇರಬೇಕು. ಹಾಸ್ಟೆಲ್‌ನಲ್ಲಿದ್ದು ಊರಿನ ವಿಳಾಸ ಕೊಟ್ಟವರ ಫೈಲ್ ಅಲ್ಲೇ ನಿಲ್ಲುತ್ತದೆ.

ಮಾರ್ಕ್ಸ್ ಕಾರ್ಡಿನಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ತಿದ್ದುಪಡಿಗೆ ಬರೆಯಬೇಕು. ಇದು ನಿಧಾನ, ಅದಕ್ಕೇ ಮೊದಲ ಹಂತ. ಒಂದೇ ಅಕ್ಷರದ ವ್ಯತ್ಯಾಸವಾದರೆ ನೋಟರಿ ಮುಂದೆ "ಈ ಎರಡೂ ಹೆಸರು ನನ್ನದೇ" ಎಂದು ಅಫಿಡವಿಟ್ ಮಾಡಿಸಿ ಇಂಗ್ಲಿಷಿನಲ್ಲಿ ಇಟ್ಟುಕೊಳ್ಳಿ. ಅಫಿಡವಿಟ್ ಎಲ್ಲ ಕಡೆ ನಡೆಯುತ್ತದೆ ಎಂದಲ್ಲ. ತಿದ್ದಿಸಲು ಸಮಯ ಇದ್ದರೆ ತಿದ್ದಿಸುವುದೇ ಸರಿ.

ಊರಿನ ಹೆಸರಿನ ಚಿಂತೆ ಬೇಡ. 2014ರ ನವೆಂಬರ್ 1ರಿಂದ ಗುಲ್ಬರ್ಗ ಕಲಬುರಗಿಯಾಗಿದೆ. ಹಳೆ ಕಾಗದದಲ್ಲಿ ಗುಲ್ಬರ್ಗ, ಪಾಸ್‌ಪೋರ್ಟ್‌ನಲ್ಲಿ ಕಲಬುರಗಿ ಇದ್ದರೆ ಒಂದು ಸಾಲಿನ ವಿವರಣೆ ಸಾಕು. ಆದರೆ ವಿಶ್ವವಿದ್ಯಾಲಯದ ಹೆಸರನ್ನು ಸರ್ಟಿಫಿಕೇಟ್‌ನಲ್ಲಿ ಇರುವಂತೆಯೇ ಬರೆಯಿರಿ. ನೀವೇ ಗುಲ್ಬರ್ಗ ವಿಶ್ವವಿದ್ಯಾಲಯವನ್ನು ಕಲಬುರಗಿ ವಿಶ್ವವಿದ್ಯಾಲಯ ಎಂದು ಬದಲಿಸಿದರೆ ಅವರ ಪಟ್ಟಿಯಲ್ಲಿ ಅದು ಸಿಗುವುದೇ ಇಲ್ಲ.

ಐಇಎಲ್‌ಟಿಎಸ್ ಪರೀಕ್ಷೆಗೂ ಪಾಸ್‌ಪೋರ್ಟ್ ಬೇಕೇ ಬೇಕು. ಅದಿಲ್ಲದೆ ಮುಂದೆ ಒಂದು ಹೆಜ್ಜೆಯೂ ಇಡಲಾಗದು.

## ಹಂತ 2: ಟ್ರಾನ್ಸ್‌ಕ್ರಿಪ್ಟ್, ಸಿಲೆಬಸ್, ಗ್ರೇಡ್ ವಿವರ

ನಿಮಗೆ ಬೇಕಾದ ಕಾಗದಗಳು ಇವು: ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್, ಟ್ರಾನ್ಸ್‌ಕ್ರಿಪ್ಟ್, ಪ್ರೊವಿಷನಲ್ ಅಥವಾ ಕನ್ವೊಕೇಷನ್ ಸರ್ಟಿಫಿಕೇಟ್, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಪತ್ರ, ಗ್ರೇಡಿಂಗ್ ಪದ್ಧತಿಯ ವಿವರ, ಮತ್ತು ಸಿಲೆಬಸ್. ಕೊನೆಯ ಎರಡನ್ನು ಎಲ್ಲರೂ ಮರೆಯುತ್ತಾರೆ.

ವಿಟಿಯು ಅಡಿ ಓದಿದವರ ಕೆಲಸ ಬೆಳಗಾವಿಗೆ ಹೋಗುತ್ತದೆ. ಸ್ವಾಯತ್ತ ಕಾಲೇಜಾದರೆ ಮೊದಲು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೇಳಿ. ಬಿಎಸ್‌ಸಿ, ಬಿಸಿಎ, ಬಿಕಾಂನವರು ಇನ್ನೊಂದು ವಿಷಯ ಗಮನಿಸಬೇಕು. ಮೊದಲು ಈ ಭಾಗದ ಕಾಲೇಜುಗಳೆಲ್ಲ ಗುಲ್ಬರ್ಗ ವಿಶ್ವವಿದ್ಯಾಲಯದ ಅಡಿ ಇದ್ದವು. ಈಗ ಯಾದಗಿರಿ ಕಡೆಯವು ರಾಯಚೂರಿನ ವಿಶ್ವವಿದ್ಯಾಲಯಕ್ಕೆ, ಬೀದರ್ ಕಡೆಯವು ಬೀದರ್ ವಿಶ್ವವಿದ್ಯಾಲಯಕ್ಕೆ ಸೇರಿವೆ. ನಿಮ್ಮ ಬ್ಯಾಚ್‌ನ ಸರ್ಟಿಫಿಕೇಟ್ ಮೇಲೆ ಯಾರ ಮುದ್ರೆ ಇದೆ ನೋಡಿ. ಟ್ರಾನ್ಸ್‌ಕ್ರಿಪ್ಟ್‌ಗೆ ಅವರ ಹತ್ತಿರವೇ ಹೋಗಬೇಕು.

ಗ್ರೇಡ್ ವಿವರ ಯಾಕೆ ಬೇಕು? ಜರ್ಮನಿಯಲ್ಲಿ 1.0 ಅಂದರೆ ಅತ್ಯುತ್ತಮ, 4.0 ಅಂದರೆ ಬರೀ ಪಾಸ್. ನಿಮ್ಮ ಅಂಕವನ್ನು ಅವರು ಒಂದು ಸೂತ್ರದಿಂದ ಬದಲಿಸುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠ ಮತ್ತು ಕನಿಷ್ಠ ಪಾಸ್ ಅಂಕದ ವ್ಯತ್ಯಾಸದಿಂದ ಭಾಗಿಸಿ. 3ರಿಂದ ಗುಣಿಸಿ, 1 ಕೂಡಿಸಿ. ನಿಮ್ಮ ಸಿಜಿಪಿಎ 10ಕ್ಕೆ 8 ಎಂದುಕೊಳ್ಳಿ. ಕನಿಷ್ಠ ಪಾಸ್ 4 ಎಂದು ಹಿಡಿದರೆ ಉತ್ತರ 2.0. ಅದೇ ಕನಿಷ್ಠ 5 ಎಂದು ಹಿಡಿದರೆ 2.2. ಕೋರ್ಸಿನ ಮಿತಿ 2.0 ಇದ್ದರೆ ಒಂದು ಲೆಕ್ಕದಲ್ಲಿ ನೀವು ಒಳಗೆ, ಇನ್ನೊಂದರಲ್ಲಿ ಹೊರಗೆ. ಕನಿಷ್ಠ ಪಾಸ್ ಎಷ್ಟು ಎಂದು ನಿಮ್ಮ ವಿಶ್ವವಿದ್ಯಾಲಯದ ಕಾಗದವೇ ಹೇಳಬೇಕು. ನೀವು ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ.

ಇನ್ನು ಸಿಲೆಬಸ್. ಒಳ್ಳೆ ಸಿಜಿಪಿಎ ಇದ್ದರೂ ಅರ್ಜಿ ತಿರಸ್ಕೃತವಾಗಲು ದೊಡ್ಡ ಕಾರಣ ಇದೇ. ಜರ್ಮನ್ ವಿಶ್ವವಿದ್ಯಾಲಯಗಳು "ಗಣಿತದಲ್ಲಿ ಇಷ್ಟು ಇಸಿಟಿಎಸ್, ಪ್ರೋಗ್ರಾಮಿಂಗ್‌ನಲ್ಲಿ ಇಷ್ಟು" ಎಂದು ಕೇಳುತ್ತವೆ. ಇಸಿಟಿಎಸ್ ಎಂಬುದು ಯುರೋಪಿನ ಕ್ರೆಡಿಟ್ ಲೆಕ್ಕ, ಒಂದು ಸೆಮಿಸ್ಟರ್‌ಗೆ 30. ನಿಮ್ಮ ಒಂದು ಸೆಮಿಸ್ಟರ್‌ನಲ್ಲಿ 20 ಕ್ರೆಡಿಟ್ ಇದ್ದರೆ ನಿಮ್ಮ 1 ಕ್ರೆಡಿಟ್ ಸುಮಾರು 1.5 ಇಸಿಟಿಎಸ್ ಆಗುತ್ತದೆ. 4 ಕ್ರೆಡಿಟ್‌ನ ಗಣಿತದ ವಿಷಯ 6 ಆಗುತ್ತದೆ. ಕೊನೆಯ ಮಾತು ಆಯಾ ವಿಶ್ವವಿದ್ಯಾಲಯದ್ದೇ. ಆದರೂ ಈ ಲೆಕ್ಕ ಹಾಕಿ ನೋಡಿದರೆ ನೀವು ಹತ್ತಿರ ಇದ್ದೀರೋ ದೂರ ಇದ್ದೀರೋ ತಿಳಿಯುತ್ತದೆ.

ನಿಮ್ಮ ಬ್ಯಾಚ್‌ನ ಸ್ಕೀಮ್‌ಗೆ ಸೇರಿದ ಸಿಲೆಬಸ್ಸನ್ನೇ ಇಳಿಸಿಕೊಳ್ಳಿ. ಹೊಸ ಸ್ಕೀಮ್‌ನದ್ದು ಹಾಕಿದರೆ ವಿಷಯದ ಕೋಡ್ ಮಾರ್ಕ್ಸ್ ಕಾರ್ಡಿಗೆ ಹೊಂದುವುದಿಲ್ಲ. ಬೇಕಾದ ವಿಷಯಗಳ ಪುಟಗಳನ್ನು ಮಾತ್ರ ಒಂದು ಪಿಡಿಎಫ್ ಮಾಡಿ. ಸಾಧ್ಯವಾದರೆ ವಿಭಾಗದ ಮುಖ್ಯಸ್ಥರ ಸಹಿ, ಸೀಲು ಹಾಕಿಸಿ. ಕಾಲೇಜು ಬಿಟ್ಟು ವರ್ಷಗಳಾದ ಮೇಲೆ ಈ ಸಹಿ ಸಿಗುವುದು ಕಷ್ಟ. ಕೊನೆಯ ಸೆಮಿಸ್ಟರ್‌ನಲ್ಲಿ ಇರುವಾಗಲೇ ಮಾಡಿಸಿಕೊಳ್ಳಿ.

## ಹಂತ 3: ಎಪಿಎಸ್

2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯವಾಗಿದೆ. ಕೆಲವು ವಿನಾಯಿತಿಗಳಿವೆ, ಆದರೆ ನಮ್ಮಲ್ಲಿ ಡಿಗ್ರಿ ಮಾಡಿ ಎಂಎಸ್‌ಗೆ ಹೋಗುವ ಸಾಮಾನ್ಯ ವಿದ್ಯಾರ್ಥಿಗೆ ಅವು ಅನ್ವಯಿಸುವುದಿಲ್ಲ. ನಿಮ್ಮ ಮಾರ್ಕ್ಸ್ ಕಾರ್ಡ್, ಡಿಗ್ರಿ ನಿಜವಾದವು ಎಂದು ಪರಿಶೀಲಿಸಿ ಕೊಡುವ ಪ್ರಮಾಣಪತ್ರ ಇದು. ವೀಸಾಕ್ಕೆ ಬೇಕೇ ಬೇಕು. ಬಹಳಷ್ಟು ವಿಶ್ವವಿದ್ಯಾಲಯಗಳು ಅರ್ಜಿಯ ಜೊತೆಗೇ ಕೇಳುತ್ತವೆ. ಶುಲ್ಕ 18,000 ರೂಪಾಯಿ. ಕಟ್ಟುವ ಮೊದಲು ಎಪಿಎಸ್ ಇಂಡಿಯಾದ ಜಾಲತಾಣದಲ್ಲಿ ಇಂದಿನ ಮೊತ್ತ ನೋಡಿಕೊಳ್ಳಿ.

ಇಲ್ಲಿ ಕ್ರಮ ಹೀಗಿರಲಿ. ಮೊದಲು ಜಾಲತಾಣದಲ್ಲಿ ನೋಂದಣಿ. ಆಮೇಲೆ ನಿಮ್ಮ ಗುಂಪಿಗೆ ಅನ್ವಯಿಸುವ ಚೆಕ್‌ಲಿಸ್ಟ್ ಪ್ರಿಂಟ್ ತೆಗೆದು ಒಂದೊಂದಕ್ಕೂ ಗುರುತು ಹಾಕಿ. ಡಿಗ್ರಿ ಮುಗಿದವರ ಪಟ್ಟಿ ಬೇರೆ, ಕೊನೆಯ ವರ್ಷದಲ್ಲಿ ಇರುವವರ ಪಟ್ಟಿ ಬೇರೆ. ಹಣ ಕಟ್ಟಿದ ರಸೀದಿಯಲ್ಲಿ ನಿಮ್ಮ ಹೆಸರು ಇರಬೇಕು. ಅಪ್ಪನ ಖಾತೆಯಿಂದ ಕಟ್ಟಿದರೆ ಷರಾ ಜಾಗದಲ್ಲಿ ನಿಮ್ಮ ಹೆಸರು ಹಾಕುವುದನ್ನು ಮರೆಯಬೇಡಿ. ಮೂಲ ಮಾರ್ಕ್ಸ್ ಕಾರ್ಡ್ ಎಲ್ಲಿಗೂ ಕಳಿಸಬೇಡಿ, ಯಾರು ಕೇಳಿದರೂ.

ಎಪಿಎಸ್ ತಡವಾಗುವುದು ಹೆಚ್ಚಾಗಿ ನಮ್ಮ ಕಡೆಯಿಂದಲೇ. ಒಂದು ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡ್ ಬಿಟ್ಟುಹೋಗಿರುತ್ತದೆ. ಬ್ಯಾಕ್‌ಲಾಗ್ ಇದ್ದ ವಿಷಯದ ಹಳೆ ಕಾರ್ಡ್ ಹಾಕಿರುವುದಿಲ್ಲ. ಫೇಲಾಗಿ ಮತ್ತೆ ಬರೆದದ್ದನ್ನು ಮುಚ್ಚಿಡಬೇಡಿ. ಬ್ಯಾಕ್‌ಲಾಗ್ ಇದ್ದವರಿಗೂ ಸೀಟು ಸಿಗುತ್ತದೆ. ಆದರೆ ಮುಚ್ಚಿಟ್ಟದ್ದು ಗೊತ್ತಾದರೆ ಕಥೆ ಅಲ್ಲಿಗೇ ಮುಗಿಯಿತು. "ಮಾರ್ಕ್ಸ್ ಕಾರ್ಡ್ ನಾವು ಸರಿ ಮಾಡಿಸಿ ಕೊಡ್ತೀವಿ" ಎನ್ನುವ ಕನ್ಸಲ್ಟೆನ್ಸಿಯಿಂದ ಆ ಕ್ಷಣವೇ ಎದ್ದು ಬನ್ನಿ. ಎಪಿಎಸ್ ಇರುವುದೇ ಅಂಥದ್ದನ್ನು ಹಿಡಿಯುವುದಕ್ಕೆ.

## ಹಂತ 4: ಭಾಷೆಯ ಪರೀಕ್ಷೆ

ಹೆಚ್ಚಿನ ಇಂಗ್ಲಿಷ್ ಕೋರ್ಸುಗಳು ಐಇಎಲ್‌ಟಿಎಸ್‌ನಲ್ಲಿ 6.5 ಕೇಳುತ್ತವೆ. ಕೆಲವು 6ಕ್ಕೆ ಒಪ್ಪುತ್ತವೆ, ಕೆಲವು 7 ಕೇಳುತ್ತವೆ. ಬರೀ ಇಂಗ್ಲಿಷ್ ಮಾಧ್ಯಮದ ಪತ್ರ ಸಾಕು ಎನ್ನುವ ಕೋರ್ಸುಗಳೂ ಇವೆ, ಅದನ್ನೇ ನಂಬಿ ಕೂತರೆ ಆಯ್ಕೆ ಕಡಿಮೆಯಾಗುತ್ತದೆ. ಫಲಿತಾಂಶ 2 ವರ್ಷ ಮಾನ್ಯ. ಐಇಎಲ್‌ಟಿಎಸ್ ಅಕಾಡೆಮಿಕ್ ಎಂದು ಇರುವುದನ್ನೇ ಬುಕ್ ಮಾಡಿ, ಜನರಲ್ ಟ್ರೈನಿಂಗ್ ಬೇಡ. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಪರೀಕ್ಷೆ ಅಲ್ಲಿ ಬರೆದರೆ ಏನೂ ತೊಂದರೆ ಇಲ್ಲ.

ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮಾಡಿದವರು ಹೆಚ್ಚಾಗಿ ಬರವಣಿಗೆಯಲ್ಲಿ ಅರ್ಧ ಅಂಕಕ್ಕೆ ಸಿಕ್ಕಿಬೀಳುತ್ತಾರೆ. ಮಾತಿನಲ್ಲಿ ಅಲ್ಲ. ತಯಾರಿಯ ಸಮಯ ಜಾಸ್ತಿ ಬರವಣಿಗೆಗೇ ಕೊಡಿ. ಬರೆದದ್ದನ್ನು ಒಬ್ಬ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿ ತಿದ್ದಿಸಿ.

ಕೋರ್ಸ್ ಇಂಗ್ಲಿಷಿನಲ್ಲಿ ಇದ್ದರೂ ಜರ್ಮನ್ ಭಾಷೆಯ ಮೊದಲ ಎರಡು ಹಂತಗಳಾದ ಎ1, ಎ2 ಈಗಲೇ ಶುರು ಮಾಡಿ. ಬಾಡಿಗೆ ಮನೆ, ಪಾರ್ಟ್‌ಟೈಮ್ ಕೆಲಸ, ಆಸ್ಪತ್ರೆ, ಎಲ್ಲದಕ್ಕೂ ಬೇಕಾಗುತ್ತದೆ.

## ಹಂತ 5: ಕೋರ್ಸ್ ಹುಡುಕುವುದು

ಈಗ ವಿಶ್ವವಿದ್ಯಾಲಯ ಹುಡುಕುವ ಹೊತ್ತು. ಡಾಡ್ (DAAD) ಎಂಬ ಜರ್ಮನ್ ಸಂಸ್ಥೆಯ ಜಾಲತಾಣದಲ್ಲಿ ಅಂತರರಾಷ್ಟ್ರೀಯ ಕೋರ್ಸುಗಳ ಪಟ್ಟಿ ಉಚಿತವಾಗಿ ಸಿಗುತ್ತದೆ. ಅಲ್ಲಿ ಹುಡುಕಿ, ಆದರೆ ಅಲ್ಲೇ ನಿಲ್ಲಬೇಡಿ. ಪ್ರತಿ ಕೋರ್ಸಿನ ಸ್ವಂತ ಪುಟಕ್ಕೆ ಹೋಗಿ ಪ್ರವೇಶ ನಿಯಮ ಓದಿ. ದಿನಾಂಕ, ಇಸಿಟಿಎಸ್, ಅಂಕದ ಮಿತಿ, ಭಾಷೆ, ಅರ್ಜಿಯ ದಾರಿ, ಶುಲ್ಕ ಎಂದು ಎಕ್ಸೆಲ್‌ನಲ್ಲಿ ಬರೆದುಕೊಳ್ಳಿ.

ಶುಲ್ಕದ ವಿಷಯದಲ್ಲಿ ಅರ್ಧ ಸತ್ಯ ಓಡಾಡುತ್ತಿದೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಪ್ರತಿ ಸೆಮಿಸ್ಟರ್‌ಗೆ ಒಂದು ಸಣ್ಣ ವಂತಿಗೆ ಇರುತ್ತದೆ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನಾಚೆಯ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 1,500 ಯೂರೋ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊರದೇಶದ ಹೊಸ ವಿದ್ಯಾರ್ಥಿಗಳಿಗೆ ಶುಲ್ಕ ಹಾಕಿದೆ. "ಜರ್ಮನಿ ಫ್ರೀ" ಎಂದು ಕೇಳಿಸಿಕೊಂಡು ಅರ್ಜಿ ಹಾಕಬೇಡಿ.

ಮೂರು ವರ್ಷದ ಡಿಗ್ರಿಯವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆಲವು ವಿಶ್ವವಿದ್ಯಾಲಯಗಳು ಭಾರತದ ಮೂರು ವರ್ಷದ ಬಿಎಸ್‌ಸಿ, ಬಿಕಾಂಗಳನ್ನು ತಮ್ಮ ಬ್ಯಾಚುಲರ್ ಡಿಗ್ರಿಗೆ ಸಮ ಎಂದು ಒಪ್ಪುವುದಿಲ್ಲ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಆ ವಿಭಾಗಕ್ಕೆ ಇಮೇಲ್ ಬರೆದು ಕೇಳಿ. ಡಿಗ್ರಿಯ ಹೆಸರು, ವಿಶ್ವವಿದ್ಯಾಲಯ, ಎಷ್ಟು ವರ್ಷ, ಒಟ್ಟು ಕ್ರೆಡಿಟ್ ಎಷ್ಟು ಎಂದು ನಾಲ್ಕು ಸಾಲು ಸಾಕು.

ಪಟ್ಟಿಯಲ್ಲಿ ಎಂಟರಿಂದ ಹತ್ತು ಕೋರ್ಸುಗಳಿರಲಿ. ಎರಡು ಮೂರು ನಿಮ್ಮ ಅಂಕಕ್ಕೆ ಮೀರಿದವು, ಉಳಿದವು ಎಲ್ಲ ನಿಯಮಕ್ಕೂ ಹೊಂದುವಂಥವು. ಗೆಳೆಯರ ಪಟ್ಟಿ ನಕಲು ಮಾಡಬೇಡಿ. ಅವನ ಸ್ಕೀಮ್ ಬೇರೆ ಇರಬಹುದು, ಇಸಿಟಿಎಸ್ ಲೆಕ್ಕ ಬೇರೆ ಬರಬಹುದು.

ಇಲ್ಲಿ ಕನ್ಸಲ್ಟೆನ್ಸಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಕಮಿಷನ್ ಕೊಡುವುದು ಹೆಚ್ಚಾಗಿ ಖಾಸಗಿ ಕಾಲೇಜುಗಳು. ಅದಕ್ಕೇ ಬಾಗಿಲಿಗೆ ಹೋದ ಕೂಡಲೇ "ನಿಮ್ಮ ಅಂಕಕ್ಕೆ ಸರ್ಕಾರಿಯದು ಸಿಗಲ್ಲ, ಇದು ಗ್ಯಾರಂಟಿ" ಎಂದು ವರ್ಷಕ್ಕೆ ಹತ್ತು ಲಕ್ಷ ದಾಟುವ ಖಾಸಗಿ ಕಾಲೇಜು ತೋರಿಸುತ್ತಾರೆ. ಖಾಸಗಿಯಲ್ಲಿಯೂ ಒಳ್ಳೆಯವು ಇವೆ. ಆದರೆ ಅದು ಸರ್ಕಾರದ ಮಾನ್ಯತೆ ಪಡೆದಿದೆಯೇ ಎಂದು ಹೋಖ್‌ಶೂಲ್‌ಕೊಂಪಾಸ್ (Hochschulkompass) ಎಂಬ ಜರ್ಮನ್ ಜಾಲತಾಣದ ಪಟ್ಟಿಯಲ್ಲಿ ನೋಡದೆ ಒಂದು ರೂಪಾಯಿಯೂ ಕಟ್ಟಬೇಡಿ. ಇನ್ನೊಂದು, ಅರ್ಜಿಗೆ ಬಳಸುವ ಇಮೇಲ್ ನಿಮ್ಮದೇ ಆಗಿರಲಿ, ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಕನ್ಸಲ್ಟೆನ್ಸಿಯವರು ತಾವೇ ಇಮೇಲ್ ತೆರೆದುಕೊಟ್ಟರೆ ಪ್ರವೇಶ ಪತ್ರ ಬಂದರೂ ನಿಮಗೆ ತಿಳಿಯದೆ ಹೋಗಬಹುದು.

## ಹಂತ 6: ಎಸ್‌ಒಪಿ, ಶಿಫಾರಸು ಪತ್ರ, ಸಿವಿ

ಎಸ್‌ಒಪಿಯಲ್ಲಿ ಬಾಲ್ಯದಿಂದ ಕಂಪ್ಯೂಟರ್ ಎಂದರೆ ಪ್ರಾಣ ಎಂದು ಶುರು ಮಾಡಬೇಡಿ. ನೀವು ಮಾಡಿದ ಒಂದು ಪ್ರಾಜೆಕ್ಟ್ ಹಿಡಿಯಿರಿ. ಏನು ಮಾಡಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಅದನ್ನು ದಾಟಲು ಈ ಕೋರ್ಸಿನ ಯಾವ ವಿಷಯ ಬೇಕು ಎಂದು ಬರೆಯಿರಿ. ಸೇಡಂ ಸುತ್ತಿನ ಸಿಮೆಂಟ್ ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಮಾಡಿದ್ದರೆ, ಅಲ್ಲಿ ಧೂಳು ಅಳೆಯುವ ಯಂತ್ರದ ಹತ್ತಿರ ಕೆಲಸ ಮಾಡಿದ್ದರೆ ಅದನ್ನೇ ವಿವರವಾಗಿ ಬರೆಯಿರಿ. ಅದು ನಿಮ್ಮದು. ಒಂದೇ ಎಸ್‌ಒಪಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಮಾತ್ರ ಬದಲಿಸಿ ಹತ್ತು ಕಡೆ ಕಳಿಸುವವರು ಕೊನೆಗೊಂದು ಕಡೆ ಹಳೆ ಹೆಸರನ್ನೇ ಬಿಟ್ಟಿರುತ್ತಾರೆ. ಕಳಿಸುವ ಮುಂಚೆ ಹೆಸರನ್ನು ಹುಡುಕಿ ನೋಡಿ.

ಶಿಫಾರಸು ಪತ್ರ ಕೇಳುವಾಗ ಮೇಡಂ, ಸರ್‌ಗಳಿಗೆ ಮೂರು ನಾಲ್ಕು ವಾರ ಮೊದಲೇ ಹೇಳಿ. ಪ್ರಾಜೆಕ್ಟ್‌ನ ಒಂದು ಪುಟದ ವಿವರ ಕೈಗೆ ಕೊಡಿ. ಕಾಲೇಜಿನ ಲೆಟರ್‌ಹೆಡ್, ಕಾಲೇಜಿನ ಇಮೇಲ್, ಸಹಿ, ದಿನಾಂಕ ಇರಲೇಬೇಕು. ಸಿವಿ ಎರಡು ಪುಟ ಸಾಕು, ದಿನಾಂಕಗಳ ನಡುವೆ ಖಾಲಿ ತಿಂಗಳು ಇದ್ದರೆ ಏನು ಮಾಡುತ್ತಿದ್ದಿರಿ ಎಂದು ಬರೆಯಿರಿ.

## ಹಂತ 7: ಅರ್ಜಿ ಹಾಕುವುದು

ಎರಡು ದಾರಿ ಇವೆ. ಕೆಲವು ವಿಶ್ವವಿದ್ಯಾಲಯಗಳಿಗೆ ನೇರವಾಗಿ ಅವರ ಪೋರ್ಟಲ್‌ನಲ್ಲಿ. ಇನ್ನು ಕೆಲವಕ್ಕೆ ಯೂನಿ-ಅಸಿಸ್ಟ್ ಮೂಲಕ, ಅದು ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಜರ್ಮನ್ ಸಂಸ್ಥೆ. ಯೂನಿ-ಅಸಿಸ್ಟ್‌ನಲ್ಲಿ ಒಂದು ಸೆಮಿಸ್ಟರ್‌ನ ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಪ್ರತಿ ಅರ್ಜಿಗೆ 30 ಯೂರೋ. ಹಣ ಮುಟ್ಟದೆ ಅವರು ಫೈಲ್ ತೆರೆಯುವುದಿಲ್ಲ. ನಮ್ಮ ಕೆಲವು ಡೆಬಿಟ್ ಕಾರ್ಡುಗಳಲ್ಲಿ ವಿದೇಶಿ ಪಾವತಿ ಬಂದ್ ಆಗಿರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅದನ್ನು ಮೊದಲೇ ಚಾಲೂ ಮಾಡಿಕೊಳ್ಳಿ.

ಕೊನೆ ದಿನಕ್ಕೆ ಎಂಟು ವಾರ ಮೊದಲು ಯೂನಿ-ಅಸಿಸ್ಟ್‌ಗೆ ಹಾಕಿ. ಒಂದು ಕಾಗದ ಕಡಿಮೆ ಬಿದ್ದರೆ ಅವರು ತಿಳಿಸುತ್ತಾರೆ, ತುಂಬಿಸಲು ನಿಮಗೆ ಸಮಯ ಉಳಿದಿರುತ್ತದೆ. ಕೊನೆ ವಾರ ಹಾಕಿದರೆ ಕಡಿಮೆ ಇದೆ ಎಂಬ ಮಾಹಿತಿ ದಿನಾಂಕ ಮುಗಿದ ಮೇಲೆ ಬರುತ್ತದೆ.

ಕೆಲವು ವಿಶ್ವವಿದ್ಯಾಲಯಗಳು ವಿಪಿಡಿ ಕೇಳುತ್ತವೆ. ಯೂನಿ-ಅಸಿಸ್ಟ್ ನಿಮ್ಮ ಅಂಕವನ್ನು ಜರ್ಮನ್ ಲೆಕ್ಕಕ್ಕೆ ಬದಲಿಸಿ ಕೊಡುವ ಕಾಗದ ಅದು. ಯೂನಿ-ಅಸಿಸ್ಟ್‌ನಿಂದ ವಿಪಿಡಿ ಬಂದ ಮೇಲೆ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ನೀವೇ ಮತ್ತೆ ಅರ್ಜಿ ಹಾಕಬೇಕು. ವಿಪಿಡಿ ಬಂತು, ಅರ್ಜಿ ಆಯಿತು ಎಂದುಕೊಂಡು ಸುಮ್ಮನೆ ಕೂತು ವರ್ಷ ಕಳೆದುಕೊಂಡವರು ಪ್ರತಿ ಬ್ಯಾಚ್‌ನಲ್ಲೂ ಇದ್ದಾರೆ.

ಸ್ಕ್ಯಾನ್ ಮಾಡುವಾಗ ಮೂಲ ಪ್ರತಿಯನ್ನೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿ. ಝೆರಾಕ್ಸ್‌ನ ಫೋಟೋ ಬೇಡ. ಮಾರ್ಕ್ಸ್ ಕಾರ್ಡಿನ ಹಿಂಬದಿಯಲ್ಲಿ ಗ್ರೇಡ್ ವಿವರ ಅಚ್ಚಾಗಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಇನ್ನು ಅಪೊಸ್ಟಿಲ್ (ವಿದೇಶದಲ್ಲಿ ತೋರಿಸಲು ಕಾಗದದ ಮೇಲೆ ಸರ್ಕಾರ ಹಾಕುವ ದೃಢೀಕರಣ) ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ, ವಿಶ್ವವಿದ್ಯಾಲಯ ಬರಹದಲ್ಲಿ ಕೇಳಿದೆಯಾ ಎಂದು ಮೊದಲು ನೋಡಿ.

## ಹಂತ 8: ಹಣ

ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚ ತೋರಿಸಬೇಕು. ಸಾಮಾನ್ಯ ದಾರಿ ಬ್ಲಾಕ್ಡ್ ಅಕೌಂಟ್. 2024ರ ಸೆಪ್ಟೆಂಬರ್‌ನಿಂದ ಮೊತ್ತ 11,904 ಯೂರೋ, ತಿಂಗಳಿಗೆ 992. ಅರ್ಜಿ ಹಾಕುವ ದಿನ ಎಷ್ಟಿದೆ ಎಂದು ರಾಯಭಾರ ಕಚೇರಿಯ ಪುಟದಲ್ಲಿ ನೋಡಿ. ಒಂದು ಯೂರೋಗೆ 100 ರೂಪಾಯಿ ಎಂದು ಹಿಡಿದರೂ ಸುಮಾರು 12 ಲಕ್ಷ. ಈ ಹಣ ಎಲ್ಲಿಗೂ ಹೋಗುವುದಿಲ್ಲ, ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ನಿಮಗೇ ಸಿಗುತ್ತದೆ. ಆದರೆ ಮೊದಲು ಕೂಡಿಸಬೇಕಲ್ಲ.

ಮನೆಯಲ್ಲಿ ಹಿರಿಯರು ಹೇಳುವುದು ಒಂದೇ. "ಹೊಲ ಅದ ಅಲ್ಲೋ ತಮ್ಮಾ, ಬ್ಯಾಂಕಿನವ್ರು ಯಾಕ್ ಕೊಡಂಗಿಲ್ಲ?" ಇಲ್ಲೇ ಎಡವುತ್ತಾರೆ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನವಾಗಿ ಹಿಡಿಯುವುದಿಲ್ಲ. ಹತ್ತು ಎಕರೆ ತೊಗರಿ ಹೊಲದ ಪಹಣಿ ತೋರಿಸಿದರೂ ಅಷ್ಟೇ. ಅವರಿಗೆ ಬೇಕಾದದ್ದು ಮನೆ, ಎನ್‌ಎ (ಕೃಷಿಯೇತರ) ಆದ ಸೈಟು, ಅಥವಾ ಎಫ್‌ಡಿ. ಸರ್ಕಾರಿ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ 7.5 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. 12 ಲಕ್ಷಕ್ಕೆ ಅದು ಸಾಲುವುದಿಲ್ಲ, ಅಲ್ವಾ? ಅದಕ್ಕೆ ಮನೆಯ ಖಾತೆ, ಕ್ರಯಪತ್ರ, ಇಸಿ (ಋಣಭಾರ ಪತ್ರ) ಯಾರ ಹೆಸರಿನಲ್ಲಿದೆ ಎಂದು ಎಪಿಎಸ್ ಹಾಕುವ ಕಾಲಕ್ಕೇ ನೋಡಿ. ಬಹಳ ಕಡೆ ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ವಾರಸಾ ಆಗಿ, ಕಾಕಾ, ಅತ್ತೆಯರ ಸಹಿಯಾಗಿ ಖಾತೆ ಬದಲಾಗುವಷ್ಟರಲ್ಲಿ ವೀಸಾದ ಸಮಯ ಬಂದುಬಿಡುತ್ತದೆ.

ಸಾಲದ ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಬಹುದು. ಪ್ರವೇಶ ಪತ್ರ ಬಂದ ಮೇಲಷ್ಟೇ ಮಂಜೂರು ಆಗುತ್ತದೆ. ಆದರೆ ಆಸ್ತಿಯ ಕಾಗದಗಳನ್ನು ಬ್ಯಾಂಕಿನ ವಕೀಲರಿಗೆ ತೋರಿಸುವುದಕ್ಕೆ ಪ್ರವೇಶ ಪತ್ರ ಕಾಯಬೇಕಿಲ್ಲ. ಮೊದಲೇ ಮ್ಯಾನೇಜರ್ ಹತ್ತಿರ ಹೋಗಿ ಮಾತಾಡಿ. ಬ್ಲಾಕ್ಡ್ ಅಕೌಂಟ್‌ಗೆ ಹಣ ಹಾಕುವುದನ್ನು ಸಾಲದಲ್ಲಿ ಸೇರಿಸುತ್ತಾರಾ ಎಂದು ನೇರವಾಗಿ ಕೇಳಿ. ಕೆಲವು ಶಾಖೆಗಳಿಗೆ ಇದು ಹೊಸದು.

ತೊಗರಿ ಮಾರಿದ ಹಣದಿಂದ ಕಟ್ಟುವವರು ಗಂಜಿನ (ಎಪಿಎಂಸಿ ಮಾರುಕಟ್ಟೆಯ) ಪಟ್ಟಿಗಳನ್ನು ಜೋಪಾನವಾಗಿಡಿ. ಹಣ ಬ್ಯಾಂಕಿಗೆ ಬರಲಿ. ನಗದು ಇಟ್ಟುಕೊಂಡು ಮೇ ತಿಂಗಳಲ್ಲಿ ಒಮ್ಮೆಲೇ ಖಾತೆಗೆ ತುಂಬಿದರೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಬರುತ್ತದೆ.

ವಿದ್ಯಾರ್ಥಿವೇತನಗಳೂ ಇವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ಅಲ್ಪಸಂಖ್ಯಾತರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ (ಕೆಎಂಡಿಸಿ) ವಿದೇಶ ವ್ಯಾಸಂಗ ಸಾಲ. ಇವುಗಳಿಗೆ ಜಾತಿ, ಆದಾಯ ಪ್ರಮಾಣಪತ್ರ ಹೊಸದಾಗಿರಬೇಕು. ಅಧಿಸೂಚನೆ ಬಂದ ಮೇಲೆ ತಹಸೀಲ್ ಕಚೇರಿಗೆ ಓಡುವ ಬದಲು ಮೊದಲೇ ಮಾಡಿಸಿಡಿ. ಮತ್ತೊಂದು ಮಾತು, ಪಾರ್ಟ್‌ಟೈಮ್ ದುಡಿದು ಎಲ್ಲ ತೂಗಿಸುತ್ತೇನೆ ಎಂಬ ಲೆಕ್ಕ ಹಾಕಬೇಡಿ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಮೊದಲ ಸೆಮಿಸ್ಟರ್‌ನಲ್ಲಿ ಕೆಲಸ ಸಿಗುವುದೇ ಕಷ್ಟ.

## ಹಂತ 9: ಪ್ರವೇಶ ಪತ್ರ ಬಂದ ಮೇಲೆ, ವೀಸಾ

ಪತ್ರ ಬಂದ ದಿನವೇ ಪೂರ್ತಿ ಓದಿ. ಷರತ್ತು ಇದೆಯಾ? ಯಾವ ದಿನದೊಳಗೆ ಒಪ್ಪಿಗೆ ಕೊಡಬೇಕು? ಒಪ್ಪಿಗೆ ಕೊಡುವುದು ಮರೆತರೆ ಸೀಟು ಬೇರೆಯವರಿಗೆ ಹೋಗುತ್ತದೆ. ಇನ್ನೂ ನಾಲ್ಕು ಕಡೆ ಉತ್ತರ ಬರಬೇಕು ಎಂದು ವೀಸಾ ಕೆಲಸ ತಡ ಮಾಡಬೇಡಿ.

ಬೀದರ್‌ನವರು ಹೆಚ್ಚಾಗಿ ಮಾಡುವ ತಪ್ಪು: ಹೈದರಾಬಾದ್ ಹತ್ತಿರ ಎಂದು ಅಲ್ಲಿ ವೀಸಾ ಅಪಾಯಿಂಟ್‌ಮೆಂಟ್ ಹುಡುಕುವುದು. ಜರ್ಮನ್ ವೀಸಾಕ್ಕೆ ನೀವು ವಾಸಿಸುವ ರಾಜ್ಯ ಮುಖ್ಯ. ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್, ತೆಲಂಗಾಣದವರಿಗೆ ಚೆನ್ನೈ. ನಿಮ್ಮದು ಬೆಂಗಳೂರೇ. ಕಲಬುರಗಿ, ಯಾದಗಿರಿಯವರು ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯಬಹುದು, ಆದರೆ ಅಪಾಯಿಂಟ್‌ಮೆಂಟ್ ದಿನದ ಬೆಳಿಗ್ಗೆ ಇಳಿದು ನೇರ ಹೋಗುವ ಲೆಕ್ಕ ಬೇಡ. ರೈಲು ತಡವಾದರೆ ಸ್ಲಾಟ್ ಹೋಗುತ್ತದೆ. ಹಿಂದಿನ ದಿನವೇ ತಲುಪಿ.

ಅರ್ಜಿಯನ್ನು ಜರ್ಮನಿಯ ಕಾನ್ಸುಲರ್ ಸರ್ವಿಸಸ್ ಪೋರ್ಟಲ್‌ನಲ್ಲಿ ಮೊದಲು ತುಂಬಬೇಕು. ಪಾಸ್‌ಪೋರ್ಟ್, ಪ್ರವೇಶ ಪತ್ರ, ಎಪಿಎಸ್, ಬ್ಲಾಕ್ಡ್ ಅಕೌಂಟ್ ದೃಢೀಕರಣ, ಆರೋಗ್ಯ ವಿಮೆ, ಭಾಷಾ ಪರೀಕ್ಷೆ, ಮಾರ್ಕ್ಸ್ ಕಾರ್ಡುಗಳು, ಯಾಕೆ ಈ ಕೋರ್ಸ್ ಎಂಬ ಪತ್ರ ಬೇಕು. ಶುಲ್ಕ 75 ಯೂರೋಗೆ ಸಮನಾದ ರೂಪಾಯಿ. ಎಲ್ಲ ಕಾಗದಗಳಲ್ಲೂ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇದೆಯಾ ಎಂದು ಮತ್ತೊಮ್ಮೆ ನೋಡಿ, ವಿಮೆಯ ಕಾಗದವನ್ನು ಮುಖ್ಯವಾಗಿ.

ಪ್ರಶ್ನೆ ಕೇಳಿದರೆ ನಿಮ್ಮ ಕೋರ್ಸಿನ ಎರಡು ಮೂರು ವಿಷಯಗಳ ಹೆಸರು, ಊರು, ಖರ್ಚು ಯಾರು ಹೊರುತ್ತಾರೆ ಎಂಬುದು ಬಾಯಿಗೆ ಬರಬೇಕು. ಕನ್ಸಲ್ಟೆನ್ಸಿ ಬರೆದುಕೊಟ್ಟ ಉತ್ತರ ಬಾಯಿಪಾಠ ಮಾಡಿದರೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ವೀಸಾ ನಿರಾಕರಣೆಯಾದರೆ ಮೊದಲು ಮೇಲ್ಮನವಿಯಂಥ ಒಂದು ದಾರಿ ಕಾನ್ಸುಲೇಟ್‌ನಲ್ಲೇ ಇತ್ತು. 2025ರ ಜುಲೈ 1ರಿಂದ ಅದನ್ನು ತೆಗೆದಿದ್ದಾರೆ. ಈಗ ಉಳಿದಿರುವುದು ಹೊಸದಾಗಿ ಅರ್ಜಿ ಹಾಕುವುದು, ಇಲ್ಲವೇ ಜರ್ಮನಿಯ ಕೋರ್ಟಿಗೆ ಹೋಗುವುದು. ಹಾಗಾಗಿ ಮೊದಲ ಸಲವೇ ಪೂರ್ತಿ ಕಾಗದ ಇರಬೇಕು. "ವೀಸಾ ಗ್ಯಾರಂಟಿ" ಎಂದು ಯಾರೂ ಹೇಳಲಾರರು. ಹೇಳಿದವರಿಗೆ ದುಡ್ಡು ಕೊಡಬೇಡಿ.

## ಹಂತ 10: ಹೊರಡುವ ಮುನ್ನ

ಹಾಸ್ಟೆಲ್‌ಗೆ ಪ್ರವೇಶ ಪತ್ರ ಬಂದ ದಿನವೇ ಅರ್ಜಿ ಹಾಕಿ. ಸರತಿ ಉದ್ದ ಇರುತ್ತದೆ. ಮನೆಯ ಫೋಟೋ ಕಳಿಸಿ, ಕೀಲಿ ಕೊರಿಯರ್ ಮಾಡುತ್ತೇನೆ, ಮೊದಲು ಅಡ್ವಾನ್ಸ್ ಹಾಕಿ ಎನ್ನುವವರು ಮೋಸಗಾರರು. ವಿಡಿಯೋ ಕರೆಯಲ್ಲಿ ಮನೆ ತೋರಿಸದೆ, ಕರಾರು ಪತ್ರ ಕೈಗೆ ಬರದೆ ಹಣ ಹಾಕಬೇಡಿ.

ಮೂಲ ಮಾರ್ಕ್ಸ್ ಕಾರ್ಡ್, ಡಿಗ್ರಿ, ಎಪಿಎಸ್, ಪ್ರವೇಶ ಪತ್ರ, ವಿಮೆ ಎಲ್ಲ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿನಲ್ಲಿ ಬೇಡ. ಮನೆಯಲ್ಲಿ ಒಂದು ಸೆಟ್ ಝೆರಾಕ್ಸ್, ಇಮೇಲ್‌ನಲ್ಲಿ ಒಂದು ಸೆಟ್ ಸ್ಕ್ಯಾನ್ ಬಿಟ್ಟು ಹೋಗಿ. ಅಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು, ಬಾಡಿಗೆ ಕರಾರು ಮಾಡುವಾಗಲೇ ಕೇಳಿಕೊಳ್ಳಿ. ವಿಳಾಸ ನೋಂದಣಿ ಆದ ಮೇಲೆ ಅಲ್ಲಿನ ಬ್ಯಾಂಕ್ ಖಾತೆ, ಅದು ಆದ ಮೇಲೆ ಬ್ಲಾಕ್ಡ್ ಅಕೌಂಟ್‌ನಿಂದ ತಿಂಗಳ ಹಣ. ಇದಕ್ಕೆಲ್ಲ ಕೆಲವು ವಾರ ಹಿಡಿಯುತ್ತದೆ. ಮೊದಲ ತಿಂಗಳ ಬಾಡಿಗೆ, ಡಿಪಾಸಿಟ್, ಊಟಕ್ಕೆ ಆಗುವಷ್ಟು ಯೂರೋ ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯೇ ಇಟ್ಟುಕೊಂಡು ಹೊರಡಿ.